ಸೀರೆ ಮೇಜಿನ ಪಕ್ಕದಲ್ಲಿ ಪುಸ್ತಕದ ಮೇಜು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ ಎಲ್ಲ ಕಡೆ ಈಗ ಬೊಟಿಕ್ ಎಕ್ಸಿಬಿಷನ್‌ಗಳು ನಡೆಯುತ್ತವೆ. ಯಾವುದೋ ಸಮಾಜದ ಹಾಲಿನಲ್ಲೋ ಹೋಂಸ್ಟೇ ಅಂಗಳದಲ್ಲೋ ಎರಡು ದಿನ ಮೇಜು ಹಾಕುತ್ತಾರೆ. ಬೆಂಗಳೂರು, ಮೈಸೂರು, ಮಂಗಳೂರಿನಿಂದ ಸೀರೆ, ಕುರ್ತಾ, ಒಡವೆ ಬರುತ್ತವೆ. ಊರಿನವರ ಚಾಕೊಲೇಟ್, ಉಪ್ಪಿನಕಾಯಿ, ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡಿದ ಕಪ್ಪು ಹುಳಿ) ಒಂದು ಮೂಲೆಯಲ್ಲಿ ಇರುತ್ತವೆ. ಬರೆಯುವ ಹೆಂಗಸರು ನಾಲ್ಕೈದು ಜನ ಸೇರಿ ಒಂದು ಕಾರು ಮಾಡಿಕೊಂಡು ಅಲ್ಲಿಗೆ ಹೋದರೆ, ಸಾಹಿತ್ಯ ಬಿಟ್ಟು ಸೀರೆ ಹಿಂದೆ ಬಿದ್ದರು ಎಂಬ ಮಾತು ಬಂದೇ ಬರುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ.

ಕೊಡಗಿನ ಮನೆಗಳು ಇರುವ ರೀತಿಯನ್ನೇ ನೋಡಿ. ತೋಟದ ನಡುವೆ ಒಂದು ಮನೆ, ಅಲ್ಲಿಂದ ಅರ್ಧ ಮೈಲಿಗೆ ಇನ್ನೊಂದು. ಸಂಜೆ ಹೊತ್ತು ಪಕ್ಕದ ಜಗಲಿಗೆ ಹೋಗಿ ಕೂರುವ ಬೀದಿ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಹೆಂಗಸರು ಒಟ್ಟಿಗೆ ಸಿಗುವುದು ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಸಂತೆಯಲ್ಲಿ. ಮದುವೆಯಲ್ಲೂ ಸಾವಿನ ಮನೆಯಲ್ಲೂ ನೆಂಟಸ್ತಿಕೆಯ ಕೆಲಸ ಇರುತ್ತದೆ, ಸಂತೆಯಲ್ಲಿ ಬಸ್ಸಿನ ಅವಸರ. ಯಾರ ನೆಂಟರೂ ಆಗದೆ, ಯಾರಿಗೂ ಬಡಿಸದೆ, ಮೂರು ಗಂಟೆ ಗೆಳತಿಯರ ಜೊತೆ ಓಡಾಡಲು ಸಿಗುವ ಜಾಗ ಈ ಎಕ್ಸಿಬಿಷನ್. ಅದಕ್ಕಾಗಿಯೇ ಅದು ಚೆನ್ನಾಗಿ ನಡೆಯಬೇಕು, ನಾವೂ ತಿಳಿದು ಖರೀದಿಸಬೇಕು, ಅಲ್ಲೊಂದು ಪುಸ್ತಕದ ಮೇಜೂ ಇರಬೇಕು ಎನ್ನುತ್ತೇನೆ.

1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಕತೆಗಾರ್ತಿ ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಕೊಡಬೇಕಾದರೆ ತನ್ನದು ಎಂದು ಏನಾದರೂ ಇರಬೇಕು, ಅದರ ಮೇಲೆ ತನ್ನ ಮಾತು ನಡೆಯಬೇಕು. ಹೆಣ್ಣು ತನ್ನ ದುಡ್ಡಿನಲ್ಲಿ ತನಗೆ ಬೇಕಾದ್ದನ್ನು ನೋಡಿ, ಮುಟ್ಟಿ, ಚೌಕಾಸಿ ಮಾಡಿ ಕೊಳ್ಳುವುದು ಹಗುರ ವಿಷಯ ಎಂದು ನನಗೆ ಅನಿಸುವುದಿಲ್ಲ.

ಮೊದಲು ದಿನ ಗೊತ್ತುಮಾಡುವ ವಿಚಾರ. ಹೊರಗಿನ ಆಯೋಜಕರು ತಪ್ಪುವುದು ಇಲ್ಲೇ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಎಕ್ಸಿಬಿಷನ್ ಬೇಡವೇ ಬೇಡ. ಜನ ಬರುವುದಿಲ್ಲ ಎನ್ನುವುದು ಒಂದು ಕಾರಣವಾದರೆ, ರಟ್ಟಿನ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟ ರೇಷ್ಮೆಗೆ ಥಂಡಿ ಹಿಡಿಯುವುದು ಇನ್ನೊಂದು. ಮಡಿಕೆಯ ಗೆರೆಯಲ್ಲಿ ಬೂಷ್ಟಿನ ಚುಕ್ಕೆ ಬಿದ್ದರೆ ಆ ಮಾಲು ಮುಂದಿನ ಊರಿಗೂ ಆಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ಕಣದಲ್ಲಿ ಕಾಫಿ ಹರಡಿಕೊಂಡವರು ಪೇಟೆಗೆ ಬರುವುದು ಕಷ್ಟ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಮುಗಿದ ಮೇಲೆ ಸುಗ್ಗಿಹಬ್ಬ ಹುತ್ತರಿಯವರೆಗಿನ ವಾರಗಳು ಒಳ್ಳೆಯವು, ಮುಂದೆ ಮದುವೆಗಳಿರುತ್ತವೆ. ಅದಕ್ಕಿಂತಲೂ ಒಳ್ಳೆಯದು ಮಾರ್ಚ್ ಕೊನೆ, ಏಪ್ರಿಲ್ ಆರಂಭ. ಕಾಫಿ ಮಾರಿದ ದುಡ್ಡು ಕೈಯಲ್ಲಿರುತ್ತದೆ, ಏಪ್ರಿಲ್‌, ಮೇ ಮದುವೆಗಳಿಗೆ ರವಿಕೆ ಹೊಲಿಸಲೂ ಸಮಯ ಸಿಗುತ್ತದೆ.

ಇನ್ನು ಕನ್ನಡಿ. ಯಾವ ಎಕ್ಸಿಬಿಷನ್‌ನಲ್ಲೂ ಒಂದೇ ಕನ್ನಡಿ ಇಡುತ್ತಾರೆ, ಅದೂ ಸೊಂಟದವರೆಗಿನದು. ಕೊಡವ ಉಡುಗೆಯಲ್ಲಿ ನೆರಿಗೆ ಹಿಂದೆ. ಸೆರಗು ಎಡಗಂಕುಳ ಕೆಳಗಿನಿಂದ ಎದೆಯ ಮೇಲೆ ಹಾದು ಬಲಭುಜದಲ್ಲಿ ಪಿನ್ನಿಗೆ ಸೇರುತ್ತದೆ. ಸೀರೆ ಹೇಗೆ ಬಿದ್ದಿದೆ ಎಂದು ನೋಡಬೇಕಾದದ್ದು ಬೆನ್ನಿನ ಕಡೆ. ಆದ್ದರಿಂದ ಆಳೆತ್ತರದ ಎರಡು ಕನ್ನಡಿ ಎದುರುಬದುರಾಗಿ, ಐದಾರು ಅಡಿ ಅಂತರದಲ್ಲಿ ಇರಬೇಕು. ನಡುವೆ ನಿಂತರೆ ಹಿಂದಿನ ನೆರಿಗೆ ಮುಂದಿನ ಕನ್ನಡಿಯಲ್ಲಿ ಕಾಣುತ್ತದೆ. ಎರಡನೆಯ ಕನ್ನಡಿ ಇಲ್ಲದಿದ್ದರೆ ಗೆಳತಿಯ ಕೈಗೆ ಫೋನ್ ಕೊಟ್ಟು ಬೆನ್ನಿನ ಫೋಟೋ ತೆಗೆಸಿ. ಅಂದಾಜಿನ ಮೇಲೆ ಕೊಳ್ಳಬೇಡಿ.

ಉಡುವ ರೀತಿ ಬೇರೆಯಾದ್ದರಿಂದ ಸೀರೆ ಆರಿಸುವ ರೀತಿಯೂ ಬೇರೆ, ಇದನ್ನು ಹೊರಗಿನ ಸ್ಟಾಲಿನವರಿಗೆ ನಾವೇ ತಿಳಿಸಿ ಹೇಳಬೇಕು. ಅವರು ಸೆರಗನ್ನು ಭುಜದಿಂದ ಹಿಂದಕ್ಕೆ ಇಳಿಬಿಟ್ಟು ತೋರಿಸುತ್ತಾರೆ. ಅಲ್ಲಿ ನೆಟ್ಟಗೆ ನಿಂತ ನವಿಲು ನಮ್ಮ ಉಡುಗೆಯಲ್ಲಿ ಎದೆಯ ಮೇಲೆ ಅಡ್ಡ ಮಲಗುತ್ತದೆ. ಮನುಷ್ಯರು, ಪ್ರಾಣಿಗಳು, ಗೋಪುರ ಇರುವ ಕಸೂತಿ ಸೆರಗು ಕೊಡವ ಉಡುಗೆಗೆ ಹೊಂದುವುದಿಲ್ಲ. ಬಳ್ಳಿ, ಚುಕ್ಕೆ, ಚೌಕಳಿ, ಗೆರೆ ಯಾವ ದಿಕ್ಕಿಗೆ ತಿರುಗಿದರೂ ಚೆಂದ. ಸೆರಗಿನ ಭಾರವನ್ನೂ ನೋಡಿ. ಕಲ್ಲು, ಮಣಿ, ದಪ್ಪ ಕುಚ್ಚು ತುಂಬಿದ ಸೆರಗಿನ ತೂಕವೆಲ್ಲ ಬಲಭುಜದ ಒಂದು ಪಿನ್ನಿನ ಮೇಲೆ ಬೀಳುತ್ತದೆ. ಸಂಜೆಯ ಹೊತ್ತಿಗೆ ಅಲ್ಲಿ ತೂತು ದೊಡ್ಡದಾಗಿ ಎಳೆ ಸರಿದಿರುತ್ತದೆ. ತೆಳು ಟಿಶ್ಯೂ, ಆರ್ಗನ್ಜಾ ಸೀರೆಗಳಲ್ಲಿ ಇದು ಬೇಗ ಆಗುತ್ತದೆ. ಪಿನ್ನಿನ ಹಿಂದೆ ಸಣ್ಣ ಬಟ್ಟೆಯ ತುಂಡು ಇಟ್ಟು ಚುಚ್ಚಿದರೆ ಸ್ವಲ್ಪ ತಡೆಯುತ್ತದೆ.

ಫಾಲ್ ಅಲ್ಲೇ ಹಾಕಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಅವರು ಹಾಕುವ ಜಾಗ ನೆರಿಗೆ ಮುಂದೆ ಬರುವ ಉಡುಗೆಯ ಲೆಕ್ಕದ್ದು. ಮನೆಯಲ್ಲಿ ನೀವು ಉಡುವ ಹಾಗೆ ಒಮ್ಮೆ ಉಟ್ಟು, ನೆಲಕ್ಕೆ ತಾಗುವ ಅಂಚಿನ ಎರಡು ಕೊನೆಗೂ ಪಿನ್ ಹಾಕಿ ಗುರುತು ಮಾಡಿ, ಆಮೇಲೆ ಟೈಲರಿಗೆ ಕೊಡಿ. ರವಿಕೆಯ ತುಂಡನ್ನು ಅಳೆಯಲು ಬ್ಯಾಗಿನಲ್ಲಿ ಒಂದು ಟೇಪ್ ಇರಲಿ. ಸಾಮಾನ್ಯವಾಗಿ 80 ಸೆಂಟಿಮೀಟರ್ ಬಿಟ್ಟಿರುತ್ತಾರೆ. ಹಳೆಯ ಕ್ರಮದ ಉದ್ದ ತೋಳು ಬೇಕಾದರೆ 1 ಮೀಟರ್ ಬೇಕು. ಕತ್ತರಿಸಿದ ಮೇಲೆ ಗೊತ್ತಾದರೆ ಉಪಯೋಗವಿಲ್ಲ.

ರೇಷ್ಮೆ ಹೌದೋ ಅಲ್ಲವೋ ತಿಳಿಯಲು ಕೈಯಲ್ಲಿ ಉಜ್ಜಿ ನೋಡುವುದು ಸಾಲದು. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಚೀಟಿ ಸೀರೆಗೇ ಕಟ್ಟಿದೆಯೇ ನೋಡಿ. ಗೋಡೆಯ ಬ್ಯಾನರಿನಲ್ಲಿ ಅಚ್ಚಾದ ಗುರುತಿಗೆ ಬೆಲೆಯಿಲ್ಲ. ಚೀಟಿ ಇಲ್ಲದಿದ್ದರೆ ಸೀರೆಯ ಒಳತುದಿಯಿಂದ ಎಳೆ ಕೇಳಿ. ಹಾಸಿನದೊಂದು (ಉದ್ದದ ಎಳೆ), ಹೊಕ್ಕಿನದೊಂದು (ಅಡ್ಡ ಎಳೆ), ಎರಡೂ ಬೇಕು. ಹಾಸಿಗೆ ರೇಷ್ಮೆ ಹಾಕಿ ಹೊಕ್ಕಿಗೆ ಪಾಲಿಯೆಸ್ಟರ್ ಸೇರಿಸಿದ ಸೀರೆಯಿಂದ ಒಂದೇ ಎಳೆ ತೆಗೆದು ಸುಟ್ಟರೆ ಮೋಸ ಹೋಗುತ್ತೀರಿ. ಹಾಲಿನಿಂದ ಹೊರಗೆ ಬಂದು, ಬಟ್ಟೆಗಳಿಂದ ದೂರ ನಿಂತು ಬೆಂಕಿಕಡ್ಡಿ ಗೀರಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಕಪ್ಪು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕಾಗದದ ಹಾಗೆ ಉರಿದರೆ ಅದು ಹತ್ತಿ ಅಥವಾ ರೇಯಾನ್. ಎಳೆ ಕೊಡಲು ಒಪ್ಪದ ಸ್ಟಾಲಿನಲ್ಲಿ ಮುಂದೆ ಮಾತು ಬೇಡ.

ಕೆಂಪು ಸೀರೆಗೆ ಇನ್ನೊಂದು ಪರೀಕ್ಷೆ ಇದೆ. ಮದುವೆ ಹೆಣ್ಣಿನ ಸೀರೆ ಕೆಂಪು, ಕೆಂಪು ಬಣ್ಣ ಬಿಡುವುದೂ ಹೆಚ್ಚು. ಬಿಳಿ ಕರವಸ್ತ್ರದ ಮೂಲೆಯನ್ನು ಒದ್ದೆ ಮಾಡಿ, ಸೀರೆಯ ಒಳತುದಿಯ ಮೇಲಿಟ್ಟು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಸುಗುಲಾಬಿ ಆದರೆ ಡ್ರೈಕ್ಲೀನ್ ಮಾಡಿಸಿಕೊಂಡು ಬಳಸಬಹುದು. ಕುಂಕುಮ ಹತ್ತಿದ ಹಾಗೆ ಆದರೆ ಬಿಟ್ಟುಬಿಡಿ. ಮೇ ತಿಂಗಳ ಮದುವೆಯಲ್ಲಿ ಒಂದು ಮಳೆ ಬಂದರೆ ಸಾಕು, ಬಿಳಿ ಲಂಗ ಕೆಂಪಾಗುತ್ತದೆ. ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನಿರ್ಧರಿಸಬೇಡಿ, ಬಾಗಿಲ ಹೊರಗೆ ತಂದು ನೋಡಿ. ಮೋಡದ ದಿನದ ಬೆಳಕಿನಲ್ಲಿ ಚೆಂದ ಕಂಡ ಬಣ್ಣ ನಮ್ಮ ಊರಿನಲ್ಲಿ ವರ್ಷವಿಡೀ ಚೆಂದ.

ಒಡವೆಯಲ್ಲಿ ಜೋಮಾಲೆ, ಕೊಕ್ಕೆತಾತಿ, ಪತ್ತಾಕ್ ಎಂಬ ಕೊಡವರ ಕೊರಳ ಒಡವೆಗಳ ನಕಲು ಈಗ ಎಲ್ಲ ಮೇಜಿನ ಮೇಲೂ ಇರುತ್ತದೆ. ನಕಲು ಎಂದು ಹೇಳಿ ಮಾರಿದರೆ ತಪ್ಪೇನಿಲ್ಲ. ಒಂದು ಗ್ರಾಂ ಚಿನ್ನ ಎಂದು ಮಾರುವುದು ತಾಮ್ರ ಅಥವಾ ಹಿತ್ತಾಳೆಯ ಮೇಲೆ ಬಳಿದ ಲೇಪ. ಬೆವರು, ಸೆಂಟು ತಾಗಿದರೆ ಕಪ್ಪಾಗುತ್ತದೆ, ಹತ್ತಿಯಲ್ಲಿ ಸುತ್ತಿಟ್ಟರೆ ಹೆಚ್ಚು ದಿನ ಬಾಳುತ್ತದೆ. ಚಿನ್ನ ಎಂದೇ ಹೇಳಿದರೆ ಮೂರು ಗುರುತು ಕೇಳಿ: ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಚಿಹ್ನೆ, ಶುದ್ಧತೆಯ ಅಂಕಿ, ಅಕ್ಷರವೂ ಅಂಕಿಯೂ ಸೇರಿ ಆರು ಇರುವ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಬರುತ್ತದೆ. ಜೋಮಾಲೆಯ ಗುಂಡುಗಳ ಒಳಗೆ ಅರಗು ತುಂಬಿರುತ್ತಾರೆ, ಆದ್ದರಿಂದ ಒಟ್ಟು ತೂಕ ಬೇರೆ, ಚಿನ್ನದ ತೂಕ ಬೇರೆ. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ.

ತಿನ್ನುವ ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ಸಂಖ್ಯೆ, ತಯಾರಿಸಿದ ದಿನ, ತೂಕ ಇರಲಿ. ಕಾಚಂಪುಳಿ ಬಾಟಲಿಯನ್ನು ಓರೆ ಮಾಡಿ ನೋಡಿ, ನೀರಿನ ಹಾಗೆ ಓಡಿದರೆ ಅದು ಸರಿಯಾಗಿ ಕಾಯಿಸಿದ್ದಲ್ಲ. ಹೋಂಮೇಡ್ ವೈನ್ ಅನ್ನು ಅಬಕಾರಿ ಪರವಾನಗಿ ಇಲ್ಲದೆ ಮಾರುವಂತಿಲ್ಲ, ಆಯೋಜಕರು ಅದಕ್ಕೆ ಮೇಜು ಕೊಡಲೇಬಾರದು.

ದುಡ್ಡಿನ ವಿಚಾರದಲ್ಲಿ ಎರಡು ಮಾತು. ನೆಟ್‌ವರ್ಕ್ ನಂಬಿ ಬರಿಗೈಯಲ್ಲಿ ಹೋಗಬೇಡಿ. ಕರೆಂಟು ಹೋದರೆ ಟವರೂ ಹೋಗುತ್ತದೆ, ಆಗ ಫೋನಿನಲ್ಲಿ ದುಡ್ಡು ಕಳಿಸಲು ಆಗುವುದಿಲ್ಲ. ನೂರು, ಇನ್ನೂರರ ನೋಟು ಬೇರೆ ಇರಲಿ. ಎರಡನೆಯದು ಬಿಲ್. ಸೋಮವಾರ ಬೆಳಿಗ್ಗೆ ನೋಡಿದರೆ ಆ ಸ್ಟಾಲ್ ಅಲ್ಲಿರುವುದಿಲ್ಲ, ಮಡಿಕೆ ಬಿಚ್ಚಿದಾಗ ಹರಕು ಕಂಡರೆ ಯಾರನ್ನು ಕೇಳುವುದು? ಅಂಗಡಿಯ ಹೆಸರು, ವಿಳಾಸ, ಫೋನ್ ಸಂಖ್ಯೆ ಇರುವ ಬಿಲ್ ಪಡೆದು, ಸೀರೆಯನ್ನು ಅಲ್ಲೇ ಐದೂವರೆ ಮೀಟರೂ ಬಿಡಿಸಿ ನೋಡಿ. ಇಬ್ಬರು ಎರಡು ತುದಿ ಹಿಡಿದು ಬೆಳಕಿಗೆ ಅಡ್ಡ ಎತ್ತಿದರೆ ಹರಕು, ಎಳೆ ಸರಿದದ್ದು ಕಣ್ಣಿಗೆ ಬೀಳುತ್ತದೆ. ಗೆಳತಿಯರು ಜೊತೆಗಿರುವುದರ ದೊಡ್ಡ ಲಾಭ ಇದು.

ಆಯೋಜಕರಿಗೆ ನನ್ನದೊಂದು ಗಟ್ಟಿ ಬೇಡಿಕೆ ಇದೆ. ಸ್ಟಾಲಿನ ಬಾಡಿಗೆ ಒಂದೇ ದರದಲ್ಲಿ ಇಟ್ಟರೆ ಊರಿನ ಹೊಲಿಗೆಯವರು, ಸ್ವಸಹಾಯ ಸಂಘದವರು ಒಳಗೆ ಬರಲು ಆಗುವುದಿಲ್ಲ. ಮೂರು ಸಾವಿರದ ಸೀರೆ ಮಾರುವವರಿಗೂ ಮೂವತ್ತು ರೂಪಾಯಿಯ ಒಬ್ಬಟ್ಟು ಮಾರುವವರಿಗೂ ಒಂದೇ ಬಾಡಿಗೆ ಹೇಗೆ ಸರಿ? ಊರಿನವರಿಗೆ ಮುಂಗಡ ಬೇಡ, ಮಾರಾಟವಾದದ್ದರಲ್ಲಿ ನೂರಕ್ಕೆ ಹತ್ತು ಪಡೆಯಿರಿ. ಒಂದೇ ಬಗೆಯ ಮಾಲಿಗೆ ಎರಡಕ್ಕಿಂತ ಹೆಚ್ಚು ಮೇಜು ಕೊಡಬೇಡಿ. ಐದು ಕಡೆ ಒಂದೇ ಪ್ರಿಂಟಿನ ಕುರ್ತಾ ನೋಡಿದವರು ಮುಂದಿನ ವರ್ಷ ಬರುವುದಿಲ್ಲ.

ಈಗ ಪುಸ್ತಕದ ಮೇಜಿಗೆ ಬರುತ್ತೇನೆ. ಕೊಡಗಿನಲ್ಲಿ ಕನ್ನಡ, ಕೊಡವ, ಅರೆಭಾಷೆ ಮೂರರಲ್ಲೂ ಹೆಂಗಸರು ಬರೆಯುತ್ತಿದ್ದಾರೆ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಮಡಿಕೇರಿಯಲ್ಲೇ ಇವೆ. ಆದರೂ ಬಿಡುಗಡೆಯಾದ ದಿನ ಬಿಟ್ಟರೆ ಆ ಪುಸ್ತಕಗಳು ಕಣ್ಣಿಗೆ ಬೀಳುವುದು ಕಡಿಮೆ, ರಟ್ಟಿನ ಪೆಟ್ಟಿಗೆಯಲ್ಲಿ ಬರೆದವರ ಮನೆಯ ಅಟ್ಟದಲ್ಲಿ ಥಂಡಿ ಹಿಡಿಯುತ್ತಿರುತ್ತವೆ. ಸಾಹಿತ್ಯ ಸಭೆಗೆ ಬಾರದ ಓದುಗರು ಎಕ್ಸಿಬಿಷನ್‌ಗೆ ಬರುತ್ತಾರೆ. ಅಲ್ಲಿ ಆರು ಅಡಿಯ ಒಂದು ಮೇಜು ಸಾಕು. ಮೂವತ್ತು ಪುಸ್ತಕ, ಒಂದೊಂದರದು ಮೂರು ಪ್ರತಿ. ಮುಖಪುಟ ಕಾಣುವ ಹಾಗೆ ನಿಲ್ಲಿಸಿ, ಬೆನ್ನು ಮಾತ್ರ ಕಂಡರೆ ಯಾರೂ ಕೈ ಹಾಕುವುದಿಲ್ಲ. ಬೆಲೆಯನ್ನು ದೊಡ್ಡದಾಗಿ ಬರೆದ ಚೀಟಿ ಇಡಿ, ಬೆಲೆ ಕೇಳಲು ಸಂಕೋಚಪಡುವವರು ಪುಸ್ತಕ ಇಟ್ಟು ಹೋಗಿಬಿಡುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಬಂದದ್ದು, ಮಾರಿದ್ದು, ಉಳಿದದ್ದು ಮೂರು ಸಾಲು ಬರೆದು, ಅದೇ ಸಂಜೆ ಲೆಕ್ಕ ಮುಗಿಸಿ. ಗೆಳೆತನ ಕೆಡುವುದು ಬಾಕಿ ಉಳಿದ ಲೆಕ್ಕದಿಂದ. ಮೇಜನ್ನು ಕಾಫಿ ಕೊಡುವ ಜಾಗದ ಪಕ್ಕ ಹಾಕಿಸಿ, ಜೊತೆಗೆ ನಾಲ್ಕು ಕುರ್ಚಿ. ಕಾಲು ನೋವಿಗೆ ಕೂತವರು ಪುಟ ತಿರುವುತ್ತಾರೆ.

ವೇದಿಕೆ ಬೇಡ, ಸ್ವಾಗತ ಬೇಡ, ವಂದನಾರ್ಪಣೆಯೂ ಬೇಡ. ಬೆಳಿಗ್ಗೆ ಹನ್ನೊಂದೂವರೆಗೆ ಒಮ್ಮೆ, ಊಟವಾದ ಮೇಲೆ ಮೂರಕ್ಕೆ ಒಮ್ಮೆ, ಹದಿನೈದು ನಿಮಿಷ ಯಾರಾದರೂ ಎರಡು ಪುಟ ಓದಲಿ. ಕತೆಯ ನಡುವೆ ನಿಲ್ಲಿಸಿ. ಮುಂದೇನಾಯಿತು ಎಂದು ಕೇಳಿದವರ ಕೈಗೆ ಪುಸ್ತಕ ಕೊಡಿ.

ಗೆಳತಿಯರಲ್ಲಿ ಒಂದು ಬಿನ್ನಹ. ನಮ್ಮವಳೇ ಬರೆದದ್ದು ಎಂದು ಗೌರವ ಪ್ರತಿ ಕೇಳಬೇಡಿ. ಸೀರೆಗೆ ಎರಡು ಸಾವಿರ ಎಣಿಸಿ ಕೊಡುವ ಕೈ ನೂರೈವತ್ತರ ಪುಸ್ತಕದ ಮುಂದೆ ಹಿಂಜರಿದರೆ ಬರೆದವಳಿಗೆ ನೋವಾಗುತ್ತದೆ, ಅವಳು ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಎಲ್ಲರೂ ಒಂದೊಂದು ಕೊಂಡು, ಓದಿ, ತಿಂಗಳ ಕೊನೆಗೆ ಅದಲು ಬದಲು ಮಾಡಿಕೊಂಡರೆ ಐದು ಜನಕ್ಕೆ ಐದು ಪುಸ್ತಕವಾಯಿತು.

ಸಂಜೆ ಐದಕ್ಕೆ ಬಾಗಿಲು ಹಾಕಲೇಬೇಕು. ಎಂಟರವರೆಗೆ ತೆರೆದಿಡುವ ಬೆಂಗಳೂರಿನ ಕ್ರಮ ಇಲ್ಲಿಗೆ ಹೊಂದುವುದಿಲ್ಲ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ತೋಟದ ದಾರಿಗಳಲ್ಲಿ ಕತ್ತಲಾದರೆ ಆನೆ ಇರುತ್ತದೆ. ಒಂದು ಕಾರಿನಲ್ಲಿ ಬಂದವರು ಒಂದೇ ಕಾರಿನಲ್ಲಿ, ಬೆಳಕಿರುವಾಗಲೇ ಹೊರಡಿ. ಕೊನೆಗೆ ಇಳಿಯುವವರು ಗೇಟು ದಾಟಿ ಒಳಗೆ ಹೋದ ಮೇಲೆ ಗುಂಪಿಗೆ ಒಂದು ಮೆಸೇಜ್ ಹಾಕಿ.