ಮಿನಿಮಮ್ ಡ್ಯೂ ಕಟ್ಟಿದರೆ ಸಾಲ ತೀರುವುದಿಲ್ಲ

"ಮಿನಿಮಮ್ ಡ್ಯೂ ಕಟ್ಟಿಬಿಟ್ಟೆ ಚಿಕ್ಕಮ್ಮ, ಇನ್ನು ಈ ತಿಂಗಳು ತಲೆನೋವಿಲ್ಲ." ನಿನ್ನೆ ರಾತ್ರಿಯಿಂದ ಈ ಮಾತು ಕಿವಿಯಲ್ಲೇ ಕೂತಿದೆ.

ಹೇಳಿದ್ದು ಅಕ್ಕನ ಮಗ. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿದೆ. ಜಾಣ ಹುಡುಗ, ದುಂದು ಮಾಡುವವನಲ್ಲ. ಆದರೂ ಏಳು ತಿಂಗಳಿಂದ ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಹೀಗೇ ನಡೆಸಿಕೊಂಡು ಬಂದಿದ್ದಾನೆ. ಮೆಸೇಜ್ ಬರುತ್ತದೆ, ಅದರಲ್ಲಿ ಎರಡು ಮೊತ್ತ ಇರುತ್ತವೆ: ಪೂರ್ತಿ ಬಾಕಿ, ಅಂದರೆ ಟೋಟಲ್ ಡ್ಯೂ, ಮತ್ತು ಕನಿಷ್ಠ ಇಷ್ಟಾದರೂ ಕಟ್ಟು ಅನ್ನುವ ಮಿನಿಮಮ್ ಡ್ಯೂ. ಇವನು ಚಿಕ್ಕದನ್ನು ಕಟ್ಟುತ್ತಾನೆ. "ಸ್ಟೇಟ್‌ಮೆಂಟ್ ತೆಗೆದು ನೋಡ್ತೀಯೇನೋ?" ಅಂದೆ. "ಅದಕ್ಕೆ ಪಾಸ್‌ವರ್ಡ್ ಹಾಕ್ಬೇಕು ಚಿಕ್ಕಮ್ಮ, ಯಾರು ನೋಡ್ತಾರೆ" ಅಂದ.

ನನಗೆ ಸಿಟ್ಟು ಬಂದಿದ್ದು ಆ ಪದದ ಮೇಲೆ. ಮಿನಿಮಮ್ ಡ್ಯೂ ಅಂದರೆ ಯಾರಿಗಾದರೂ ಇಷ್ಟು ಕಟ್ಟಿದರೆ ಸಾಕು ಅಂತಲೇ ಅನ್ನಿಸುತ್ತದೆ. ಅಷ್ಟು ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಸುಸ್ತಿದಾರ ಅನ್ನಿಸಿಕೊಳ್ಳುವುದು ತಪ್ಪುತ್ತದೆ. ಬಡ್ಡಿ ಮಾತ್ರ ತಪ್ಪುವುದಿಲ್ಲ. ಉಳಿದ ಬಾಕಿಯ ಮೇಲೆ ಅದು ದಿನದಿನವೂ ಓಡುತ್ತಲೇ ಇರುತ್ತದೆ.

ಬಾಯಲ್ಲಿ ಹೇಳಿದರೆ ನಂಬಲಿಲ್ಲ. ಒಂದು ಹಾಳೆ ತೆಗೆದು ಪಕ್ಕದಲ್ಲಿ ಕೂರಿಸಿಕೊಂಡೆ. ಬಾಕಿ 100 ಅಂತ ಇಟ್ಟುಕೊ. ಬಡ್ಡಿ ತಿಂಗಳಿಗೆ ನೂರಕ್ಕೆ 3. ಮಿನಿಮಮ್ ಡ್ಯೂ ಬಾಕಿಯ ನೂರಕ್ಕೆ 5. ಮೊದಲ ತಿಂಗಳು ಬಡ್ಡಿ ಸೇರಿ 103 ಆಯಿತು. ನೀನು 5.15 ಕಟ್ಟಿದೆ. ಉಳಿದಿದ್ದು 97.85. ಕಟ್ಟಿದ್ದು ಐದಕ್ಕಿಂತ ಜಾಸ್ತಿ, ಸಾಲ ಇಳಿದಿದ್ದು ಎರಡು ಚಿಲ್ಲರೆ. ಹೀಗೇ ಹನ್ನೆರಡು ತಿಂಗಳು, ಹೊಸದಾಗಿ ಏನೂ ಕೊಳ್ಳದೆ, ಒಂದು ದಿನವೂ ತಡಮಾಡದೆ ಕಟ್ಟಿದರೂ ವರ್ಷದ ಕೊನೆಗೆ ನಿನ್ನ ಕೈಯಿಂದ ಹೋಗಿರುವುದು ಸುಮಾರು 55. ಇನ್ನೂ ಉಳಿದಿರುವ ಸಾಲ 77.

ಅವನು ಪೆನ್ ತೆಗೆದುಕೊಂಡು ತಾನೇ ಇನ್ನೊಂದು ಸಲ ಗುಣಿಸಿದ. ಮಾತಾಡಲಿಲ್ಲ.

ಇದಕ್ಕಿಂತ ಜಾಸ್ತಿ ನೋಯಿಸುವುದು ಇನ್ನೊಂದಿದೆ. ಪೂರ್ತಿ ಮೊತ್ತ ಕಟ್ಟುವವರಿಗೆ ಕೊಂಡಿದ್ದಕ್ಕೆಲ್ಲ ಕೆಲವು ವಾರ ಬಡ್ಡಿಯಿಲ್ಲದ ಸಮಯ ಸಿಗುತ್ತದೆ, ಅಲ್ವಾ? ಬಾಕಿ ಉಳಿಸಿಕೊಂಡರೆ ಸಾಮಾನ್ಯವಾಗಿ ಅದೂ ಹೋಗುತ್ತದೆ. ಹೊಸದಾಗಿ ಕೊಂಡ ವಸ್ತುವಿಗೂ ಕೊಂಡ ದಿನದಿಂದಲೇ ಬಡ್ಡಿ ಶುರು. ಏಟಿಎಮ್‌ನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದರಂತೂ ಬಡ್ಡಿಯ ಜೊತೆಗೆ ಬೇರೆ ಶುಲ್ಕವೂ ಬೀಳುತ್ತದೆ.

ಇದೆಲ್ಲ ನನಗೆ ಯಾರೂ ಕೂರಿಸಿ ಹೇಳಿಕೊಟ್ಟಿದ್ದಲ್ಲ. ಹಿಂದೆ ಎರಡು ವರ್ಷ ನಾನೂ ಇದೇ ಸಾಲದಲ್ಲಿ ಸಿಕ್ಕಿಕೊಂಡಿದ್ದೆ. ಆಗ ನಾನು ಹೇಗಿದ್ದೆ ಅಂತ ನನ್ನನ್ನು ಬಲ್ಲ ಹಲವರಿಗೆ ಗೊತ್ತು. ಯಾಕೆ ಹಾಗಿದ್ದೆ ಅಂತ ಮಾತ್ರ ಯಾರಿಗೂ ಹೇಳಿರಲಿಲ್ಲ. ಇದೇ ಕಾರಣ. ಪ್ರತಿ ತಿಂಗಳೂ ತಪ್ಪದೆ ಕಟ್ಟುತ್ತಿದ್ದೆ, ಸಾಲ ಇದ್ದಲ್ಲೇ ಇತ್ತು. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಕಡಿಮೆ ಬಡ್ಡಿಯ ಬೇರೆ ಸಾಲ ಮಾಡಿ, ಕಾರ್ಡಿನ ಬಾಕಿಯನ್ನು ಒಂದೇ ಸಲ ತೀರಿಸಿ ಹೊರಗೆ ಬಂದೆ. ಅದಕ್ಕೇ ನಿನ್ನೆ ಅವನ ಮಾತು ಕೇಳಿ ಸುಮ್ನಿರಲು ಆಗಲಿಲ್ಲ.

ಆಮೇಲೆ ಇಬ್ಬರೂ ಕೂತು ಸ್ಟೇಟ್‌ಮೆಂಟ್ ತೆಗೆದೆವು. ಮೂರನೇ ಸಾಲಿನಲ್ಲಿ ಅವನಿಗೆ ಗೊತ್ತೇ ಇಲ್ಲದ ಒಂದು ಹೆಸರು. ಮೊತ್ತ ತೀರಾ ಚಿಕ್ಕದು. ಹಿಂದಿನ ತಿಂಗಳಲ್ಲೂ ಅದೇ ಹೆಸರು. ಕಾರ್ಡ್ ನಂಬರ್ ಕದ್ದವರು ಮೊದಲು ಹೀಗೆ ಚಿಕ್ಕ ಮೊತ್ತ ಎಳೆದು ಕಾರ್ಡ್ ನಡೆಯುತ್ತದಾ ಅಂತ ನೋಡುತ್ತಾರೆ. ಯಾರೂ ಕೇಳದಿದ್ದರೆ ದೊಡ್ಡದಕ್ಕೆ ಕೈ ಹಾಕುತ್ತಾರೆ. ಮಿನಿಮಮ್ ಡ್ಯೂ ಒಂದನ್ನೇ ನೋಡಿ ಕಟ್ಟುವವರ ಕಣ್ಣಿಗೆ ಇದು ಬೀಳುವುದು ಯಾವಾಗ ಹೇಳಿ?

ನಂಬರ್ ಎಲ್ಲಿಂದ ಸೋರಿತೋ ಗೊತ್ತಿಲ್ಲ. ಆದರೆ ಅವನ ಫೋನಿನ ಗ್ಯಾಲರಿಯಲ್ಲಿ ಕಾರ್ಡಿನ ಎರಡೂ ಬದಿಯ ಫೋಟೋ ಇತ್ತು. ಗೆಳೆಯನೊಬ್ಬ ಟಿಕೆಟ್ ಮಾಡಿಸಲು ಕೇಳಿದ್ದನಂತೆ, ಇವನು ವಾಟ್ಸಾಪ್‌ನಲ್ಲಿ ಕಳಿಸಿದ್ದನಂತೆ. ಮುಂಬದಿಯ ನಂಬರ್, ಕಾರ್ಡಿನ ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರು ಅಂಕಿಯ ಗುಟ್ಟಿನ ಸಂಖ್ಯೆ ಸಿವಿವಿ, ಮೂರೂ ಒಟ್ಟಿಗೆ. ಎಷ್ಟೋ ವಿದೇಶಿ ಸೈಟ್‌ಗಳು ಓಟಿಪಿ ಕೇಳುವುದೇ ಇಲ್ಲ, ಇಷ್ಟಿದ್ದರೆ ಸಾಕು. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರ್‌ಗೇ ಫೋನ್ ಮಾಡಿಸಿದೆ. ಗೂಗಲ್‌ನಲ್ಲಿ ಹುಡುಕಿದರೆ ಅಲ್ಲಿ ಮೋಸಗಾರರ ನಂಬರ್‌ಗಳೂ ಸಿಗುತ್ತವೆ. ಕಾರ್ಡ್ ಬ್ಲಾಕ್ ಆಯಿತು, ದೂರು ದಾಖಲಾಯಿತು. ಹೊಸ ಕಾರ್ಡ್ ಬಂದ ಮೇಲೆ ವಿದೇಶಿ ವಹಿವಾಟು ಆಫ್ ಮಾಡು, ದಿನದ ಮಿತಿ ಕಡಿಮೆ ಇಡು ಅಂದಿದ್ದೇನೆ.

ಇದನ್ನೆಲ್ಲ ಕೇಳಿದ ಗೆಳತಿಯೊಬ್ಬಳು ಹೇಳಿದಳು: "ಕಷ್ಟದ ತಿಂಗಳಲ್ಲಿ ಮಿನಿಮಮ್ ಡ್ಯೂ ಇರೋದೇ ಉಪಕಾರ ಕಣೇ." ಒಂದು ತಿಂಗಳ ಮಟ್ಟಿಗೆ ಒಪ್ಪುತ್ತೇನೆ. ಆಸ್ಪತ್ರೆ ಖರ್ಚು ಬಂತು, ಸಂಬಳ ತಡವಾಯಿತು, ಆಗ ಕಟ್ಟಿ, ಮುಂದಿನ ತಿಂಗಳು ಪೂರ್ತಿ ತೀರಿಸಿ. ಆದರೆ ಅದು ಒಂದೇ ತಿಂಗಳಿಗೆ ನಿಂತಿದ್ದನ್ನು ನಾನು ನೋಡಿಲ್ಲ. ಎರಡನೇ ತಿಂಗಳು ಕೈ ತಾನಾಗೇ ಚಿಕ್ಕ ಮೊತ್ತದ ಕಡೆ ಹೋಗುತ್ತದೆ. ನನ್ನದೂ ಹಾಗೇ ಹೋಗಿತ್ತು.

ಕಾರ್ಡೇ ಬೇಡ, ಕತ್ತರಿಸಿ ಎಸೆ ಅನ್ನುವವರೂ ಇದ್ದಾರೆ. ನಾನು ಎಸೆದಿಲ್ಲ. ಡೆಬಿಟ್ ಕಾರ್ಡಿನಲ್ಲಿ ಮೋಸವಾದರೆ ಖಾತೆಯಲ್ಲಿರುವ ನಮ್ಮ ಹಣವೇ ಹೋಗಿರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ ಕಟ್ಟುವ ಮೊದಲೇ ಇದು ನನ್ನದಲ್ಲ ಅಂತ ತಕರಾರು ಹಾಕಬಹುದು. ಅದಕ್ಕೂ ಸ್ಟೇಟ್‌ಮೆಂಟ್ ಓದಿರಬೇಕು.

ಹೊರಡುವ ಮೊದಲು ಅವನು ಆ್ಯಪ್ ತೆಗೆದು, ಬಿಲ್ ತಾನಾಗೇ ಕಟ್ಟಿಹೋಗುವ ಆಟೋ ಪೇ ತೋರಿಸಿದ. ಅಲ್ಲೂ ಮಿನಿಮಮ್ ಡ್ಯೂ ಅಂತಲೇ ಇತ್ತು. ಬಾಕಿ ತೀರಿದ ಮೇಲೆ ಟೋಟಲ್ ಡ್ಯೂ ಮಾಡ್ತೀನಿ ಅಂದ. "ಈಗಿನ ಬಾಕಿ ತೀರಿಸೋಕೆ ನಾಲ್ಕು ತಿಂಗಳು ಬೇಕಾಗುತ್ತೆ ಚಿಕ್ಕಮ್ಮ, ಅಮ್ಮನಿಗೆ ಹೇಳಬೇಡಿ" ಅಂದ. ನೀನೇ ಹೇಳು, ಜೊತೆಗೆ ನಾನೂ ಕೂತಿರ್ತೀನಿ ಅಂದೆ. ಭಾನುವಾರ ಬರ್ತೀನಿ ಅಂದಿದ್ದಾನೆ.