ಕ್ಯಾಂಡಿಡ್ ಅಂದರೆ ಆಚೆ ನೋಡುವುದಲ್ಲ

ಈಗಷ್ಟೇ ಒಂದು ಮದುವೆ ಆಲ್ಬಂ ನೋಡಿದೆ. 'ಕ್ಯಾಂಡಿಡ್', ಅಂದರೆ ಪೋಸ್ ಕೊಡಿಸದೆ ತೆಗೆದದ್ದು, ಅಂತ ಹೆಸರು. ಅಷ್ಟು ಚಿತ್ರಗಳಲ್ಲಿ ಮದುಮಗಳು ಒಮ್ಮೆಯೂ ನಮ್ಮನ್ನು ನೋಡುವುದಿಲ್ಲ. ಬಳೆ ನೋಡುತ್ತಾಳೆ, ಛಾವಣಿ ನೋಡುತ್ತಾಳೆ, ಫ್ರೇಮಿನಾಚೆ ಯಾರೋ ಇದ್ದಾರೆ ಅನ್ನುವ ಹಾಗೆ ನಗುತ್ತಾಳೆ. ಪ್ರತಿ ಚಿತ್ರದಲ್ಲೂ "ಸ್ವಲ್ಪ ಆ ಕಡೆ ನೋಡಿ, ಹಾಂ, ಈಗ ನಗಿ" ಅನ್ನುವ ದನಿ ನನಗೆ ಕೇಳಿಸುತ್ತದೆ. ಹೇಳಿಕೊಟ್ಟ ನಗುವಿಗೆ ಕ್ಯಾಂಡಿಡ್ ಅನ್ನಬೇಡಿ. ಅದೂ ಪೋಸೇ.

ಈ ಸಿಟ್ಟು ಬಂದಾಗೆಲ್ಲ ನಾನು ಬ್ರಿಟಿಷ್ ಛಾಯಾಗ್ರಾಹಕಿ ಜೇನ್ ಬೌನ್ ಅವರ ಚಿತ್ರಗಳ ಮುಂದೆ ಕೂರುತ್ತೇನೆ. 1949ರಲ್ಲಿ ಲಂಡನ್ನಿನ ದಿ ಅಬ್ಸರ್ವರ್ ಪತ್ರಿಕೆಗೆ ಬಂದಾಕೆ, ದಶಕಗಟ್ಟಲೆ ಅಲ್ಲೇ ಕೆಲಸ ಮಾಡಿ 2014ರಲ್ಲಿ ತೀರಿಕೊಂಡರು. ಅವರ ಚಿತ್ರಗಳಲ್ಲಿ ಹೆಚ್ಚಿನವು ಕಪ್ಪು-ಬಿಳುಪು. ಫ್ಲ್ಯಾಶ್ ಅವರಿಗೆ ಆಗದು. ಕ್ಯಾಮೆರಾ ಇರುತ್ತಿದ್ದದ್ದು ಸಾಮಾನು ತರುವಂಥ ಚೀಲದಲ್ಲಿ. 1976ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನ ಹಿಂಬಾಗಿಲ ಬಳಿ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್ ಅವರನ್ನು ನಿಲ್ಲಿಸಿ ತೆಗೆದದ್ದು ಐದೇ ಫ್ರೇಮು. ಅದರಲ್ಲಿ ಒಂದು ಇಡೀ ಲೋಕಕ್ಕೆ ಗೊತ್ತು. ಆ ಮುಖ ನೇರ ಲೆನ್ಸನ್ನೇ ನೋಡುತ್ತಿದೆ! ಆದರೂ ಅದಕ್ಕಿಂತ ಸಹಜವಾದ ಮುಖ ಎಲ್ಲಿದೆ ಹೇಳಿ.

ಬೌನ್ ಅವರ ಸೆಟ್ಟಿಂಗ್ ಬಹುಪಾಲು ಒಂದೇ: ಶಟರ್ ತೆರೆದಿರುವುದು ಸೆಕೆಂಡಿನ 1/60 ಭಾಗ, ಲೆನ್ಸಿನ ಕಿಂಡಿ ಎಫ್ 2.8. ಮುಖಕ್ಕೆ ಹೆಚ್ಚಾಗಿ ಒಲಿಂಪಸ್ ಓಎಂ-1 ಫಿಲ್ಮ್ ಕ್ಯಾಮೆರಾ ಮೇಲೆ 85 ಎಂಎಂ ಲೆನ್ಸು. ಬೆಳಕು ಅಳೆಯುವ ಮೀಟರ್ ಬದಲು ತನ್ನ ಮುಷ್ಟಿ ಮುಂದೆ ಹಿಡಿದು, ಕೈಯ ಹಿಂಬದಿಯ ಮೇಲೆ ಬೆಳಕು ಹೇಗೆ ಬೀಳುತ್ತದೆ ಅಂತ ನೋಡುತ್ತಿದ್ದರು. ಅಂದರೆ ಬೆಳಕಿಗೆ ತಕ್ಕಂತೆ ಕ್ಯಾಮೆರಾದ ಡಯಲ್ ತಿರುಗಿಸುತ್ತ ಕೂರುವುದಲ್ಲ, ಆ ಸೆಟ್ಟಿಂಗಿಗೆ ಒಗ್ಗುವ ಬೆಳಕು ಇರುವ ಜಾಗಕ್ಕೆ ಮನುಷ್ಯನನ್ನು ಕರೆದುಕೊಂಡು ಹೋಗುವುದು. ಗುಟ್ಟಿರುವುದು ಇಲ್ಲೇ ಅಂತ ನನ್ನ ಖಚಿತ ನಂಬಿಕೆ.

"ಎದುರಿಗೆ ನಿಂತರೆ ಜನ ಸೆಟೆದುಕೊಳ್ಳುತ್ತಾರೆ, ದೂರದಿಂದ 70-200 ಜೂಮ್ ಲೆನ್ಸು ಹಾಕಿ ತೆಗೆದರೇ ಸಹಜ" ಅಂತ ವಾದ ಬರುತ್ತದೆ. ಆಡುವ ಮಕ್ಕಳ ಮಟ್ಟಿಗೆ ಒಪ್ಪುತ್ತೇನೆ. ದೊಡ್ಡವರ ವಿಷಯದಲ್ಲಿ ಒಪ್ಪುವುದಿಲ್ಲ. ಜನ ಸೆಟೆಯುವುದು ಕ್ಯಾಮೆರಾಕ್ಕಲ್ಲ, ಕಾಯಿಸುವುದಕ್ಕೆ. ಅವರನ್ನು ಕೂರಿಸಿ, ಡಯಲ್ ತಿರುಗಿಸಿ, ಒಂದು ತೆಗೆದು, ಸ್ಕ್ರೀನ್ ನೋಡಿ, ತಲೆ ಅಲ್ಲಾಡಿಸಿ, ಮತ್ತೆ ತಿರುಗಿಸುವ ಹೊತ್ತಿಗೆ ಮುಖ ಕಲ್ಲಾಗಿರುತ್ತದೆ. ಅವರು ಬರುವ ಮೊದಲೇ ಆ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿ ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ಒಳಗೆ ಬಿಡಬೇಕು ಅನ್ನುವ ಲೆಕ್ಕ, ಮುಗಿಸಿಡಿ. ಆಮೇಲೆ ಮಾತು ಮತ್ತು ಕಣ್ಣು, ಅಷ್ಟೇ.

ಈಗ ಕಿಟಕಿಗೆ ಬನ್ನಿ. ನೇರ ಬಿಸಿಲು ಬೀಳದ ಕಿಟಕಿ ಬೇಕು. ಬಿಸಿಲಿದ್ದರೆ ತೆಳು ಬಿಳಿ ಪಂಚೆ ಕಟ್ಟಿ. ಕಿಟಕಿಯಿಂದ ಮೂರು ಅಡಿ ಒಳಗೆ, ಭುಜ ಕಿಟಕಿ ಕಡೆಗೆ ಬರುವಂತೆ ಕೂರಿಸಿ, ಮುಖ ಸ್ವಲ್ಪ ಬೆಳಕಿಗೆ ತಿರುಗಲಿ. ಎರಡೂ ಕಣ್ಣಲ್ಲಿ ಕಿಟಕಿಯ ಬೆಳಕಿನ ಚುಕ್ಕೆ ಕಾಣಬೇಕು. ಕಾಣದಿದ್ದರೆ ಕಣ್ಣು ಸತ್ತಂತಿರುತ್ತದೆ; ತಲೆ ಮೇಲಿನ ದೀಪದಲ್ಲೂ ನಡುಹಗಲ ಬಿಸಿಲಲ್ಲೂ ಆಗುವುದು ಇದೇ. ತೀರಾ ಹತ್ತಿರ ಕೂರಿಸಿದರೆ ಒಂದು ಕೆನ್ನೆ ಬೆಳ್ಳಗೆ ಸುಟ್ಟು ಇನ್ನೊಂದು ಮುಳುಗುತ್ತದೆ. ಆಗ ನೆರಳಿನ ಬದಿಗೆ ಇನ್ನೊಂದು ಬಿಳಿ ಪಂಚೆ ಹಿಡಿಸಿ. ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಒಂದು ಕೆನ್ನೆಗೊಂದು ಬಣ್ಣ. ಆರಿಸಲಾಗದಿದ್ದರೆ ಶಟರ್ 1/50 ಅಥವಾ 1/100ರಲ್ಲಿಡಿ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಬೇರೆ ವೇಗದಲ್ಲಿ ಪಟ್ಟೆ ಬರಬಹುದು. ಕೆಂಪು ಗಾರೆ ನೆಲದ ಮೇಲೆ ಬಿಸಿಲು ಬಿದ್ದಿದ್ದರೆ ಗದ್ದದ ಕೆಳಗೆ ಕೆಂಪು ಹತ್ತುತ್ತದೆ. ಬಣ್ಣದ ಶಾಮಿಯಾನದಡಿ ಇನ್ನೂ ಕೆಟ್ಟದು, ಮುಖಕ್ಕೆಲ್ಲ ಆ ಬಟ್ಟೆಯದೇ ಬಣ್ಣ. ಅಂಚಿಗೆ ಕರೆದುಕೊಂಡು ಬನ್ನಿ, ಆಗದಿದ್ದರೆ ಕಪ್ಪು-ಬಿಳುಪು ಮಾಡಿ.

ಎಫ್ 2.8ರಲ್ಲಿ, 85 ಎಂಎಂನಲ್ಲಿ, ಐದು ಅಡಿ ದೂರಕ್ಕೆ ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಸಿಗುವ ಆಳ ಸುಮಾರು ಐದು ಸೆಂಟಿಮೀಟರ್. ಕಣ್ಣು ಚೂಪಾದರೆ ಕಿವಿ ಮಸುಕು. ಹತ್ತಿರದ ಕಣ್ಣಿಗೇ ಫೋಕಸ್ ಮಾಡಿ. ಮಾತಿನ ನಡುವೆ ಅವರು ಮುಂದೆ ಬಾಗಿದರೆ ಫೋಕಸ್ ಹೋಯಿತು, ಮತ್ತೆ ಹಿಡಿಯಿರಿ. 1/60 ಬೌನ್ ಕೈಗೆ ಸರಿ. ಮಾತಾಡುವ, ಕೈಯಾಡಿಸುವ ನಮ್ಮ ಅಜ್ಜಿಯಂದಿರಿಗೆ 1/160 ಬೇಕು. ಲೆನ್ಸಿನ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕ ತಡೆಯುತ್ತದೆಯೇ ಹೊರತು ಅಜ್ಜಿಯ ಚಲನೆಯನ್ನಲ್ಲ. ಬೆಳಕಿಗೆ ಸೆನ್ಸರಿನ ಚುರುಕು ಹೇಳುವ ಐಎಸ್‌ಒ 1600ಕ್ಕೆ ಹೋಗಲಿ, ಚಿತ್ರದಲ್ಲಿ ಮರಳಿನಂಥ ಕಾಳು ಬಂದರೆ ಬರಲಿ.

ಫೋನಾದರೆ 1x ಬಿಟ್ಟು 2x ಅಥವಾ 3x ಇಟ್ಟು ಐದು ಅಡಿ ದೂರ ನಿಲ್ಲಿ. 1x ಅಗಲದ ಲೆನ್ಸು, ಮುಖ ತುಂಬಿಸಲು ಹತ್ತಿರ ಹೋದಷ್ಟೂ ಮೂಗು ಉಬ್ಬುತ್ತದೆ. ಹಿನ್ನೆಲೆ ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಕೆದರಿದ ಕೂದಲನ್ನೂ ಕನ್ನಡಕದ ಅಂಚನ್ನೂ ತಿಂದುಹಾಕುತ್ತದೆ, ಆಫ್ ಮಾಡಿ. ಬ್ಯೂಟಿ ಫಿಲ್ಟರನ್ನಂತೂ ಮೊದಲು ಆಫ್ ಮಾಡಿ.

ನನಗೆ ಅತಿ ಹೆಚ್ಚು ನೋವಾಗುವುದು ಮೈಬಣ್ಣದ ವಿಷಯಕ್ಕೆ. ಕ್ಯಾಮೆರಾದ ಮೀಟರ್ ಎಲ್ಲವನ್ನೂ ಕಪ್ಪು-ಬಿಳುಪಿನ ನಡುವಿನ ಬೂದು ಮಾಡಲು ನೋಡುತ್ತದೆ. ಹಿಂದೆ ಬಿಳಿ ಗೋಡೆಯಿದ್ದರೆ ಚಿತ್ರ ತಗ್ಗಿಸುತ್ತದೆ, ಕಪ್ಪು ಮೈಬಣ್ಣದ ಮುಖ ಕತ್ತಲಾಗುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ಆ ಕತ್ತಲನ್ನು ಎತ್ತಿದಾಗ ಕಾಳು ಏಳುತ್ತದೆ, ಕಾಳು ಮುಚ್ಚಲು ನುಣುಪು ಮಾಡುತ್ತಾರೆ, ನುಣುಪಾದ ಮೇಲೆ ಬೆಳ್ಳಗೂ ಮಾಡಿಬಿಡುತ್ತಾರೆ. ಕೊನೆಗೆ ಮನೆಯವರೇ ಗುರುತು ಹಿಡಿಯದ ಮುಖ! ಬೆಳಕಿನ ಬದಿಯ ಕೆನ್ನೆಗೆ ಸ್ಪಾಟ್ ಮೀಟರ್ (ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯುವುದು) ಹಿಡಿಯಿರಿ, ಕಪ್ಪು ಚರ್ಮವಾದರೆ ಎಕ್ಸ್‌ಪೋಷರನ್ನು ಅಲ್ಲಿಂದ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಇಳಿಸಿ, ಬೆಳ್ಳಗಿದ್ದರೆ ಒಂದು ಸ್ಟಾಪ್ ಏರಿಸಿ. ಆ ಮೇಲೆ ಮುಟ್ಟಬೇಡಿ. ಕಪ್ಪು ಚರ್ಮದ ಮೇಲೆ ಕಿಟಕಿ ಬೆಳಕು ಹೊಳೆಯುವ ಚಂದವನ್ನು ಪೌಡರ್ ಬಳಿದು ಅಳಿಸಲೂಬೇಡಿ.

ಕನ್ನಡಕದಲ್ಲಿ ಕಿಟಕಿ ಮಿಂಚಿದರೆ ತೆಗೆಸಬೇಡಿ, ಮೂವತ್ತು ವರ್ಷ ಹಾಕಿಕೊಂಡವರ ಮುಖ ಅದಿಲ್ಲದೆ ಬೇರೆಯಾಗುತ್ತದೆ. ಕಡ್ಡಿಗಳನ್ನು ಕಿವಿಯ ಮೇಲೆ ಚೂರು ಎತ್ತಿ, ಗಾಜು ನೆಲದ ಕಡೆಗೆ ವಾಲುತ್ತದೆ, ಮಿಂಚು ಹೋಗುತ್ತದೆ. ಈಗ ಅವರ ಮಗಳ ಬಗ್ಗೆಯೋ ತೋಟದ ಬಗ್ಗೆಯೋ ಕೇಳಿ. ಉತ್ತರ ಹೇಳಿ ಮುಗಿಸಿ, ಇನ್ನೇನು ಕೇಳುತ್ತೀಯ ಅಂತ ನಿಮ್ಮನ್ನೇ ನೋಡುತ್ತಾರಲ್ಲ, ಆಗ ಒತ್ತಿ.