ಅಮ್ಮ ಬಸ್ಸು ಬಿಟ್ಟಿದ್ದು ಯಾಕೆ

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾದಾಗ ಅಮ್ಮನ ಖುಷಿ ನೋಡಬೇಕಿತ್ತು. ಗಾಂಧಿ ಬಜಾರ್, ತಂಗಿ ಮನೆ, ದೇವಸ್ಥಾನ, ಎಲ್ಲ ಕಡೆಗೂ ಒಬ್ಬಳೇ ಬಸ್ಸಲ್ಲಿ ಹೋಗಿಬರುತ್ತಿದ್ದಳು. ಈಗ ಬಸ್ಸಿನ ಮಾತೇ ಎತ್ತುವುದಿಲ್ಲ. ಟಿಕೆಟ್ ಈಗಲೂ ಉಚಿತ, ಬಸ್ಸೂ ಬರುತ್ತದೆ. ಅವಳಿಗೆ ಭಯ ಇರುವುದು ಮನೆಯಿಂದ ಸ್ಟಾಪಿಗೆ ಹೋಗುವ ಐದು ನಿಮಿಷದ ದಾರಿಯದ್ದು.

ಹೋದ ತಿಂಗಳು ಜೊತೆಗೆ ನಡೆದು ನೋಡಿದೆ. ಫುಟ್‌ಪಾತ್ ಹತ್ತಲು ಅಮ್ಮ ಕರೆಂಟ್ ಕಂಬ ಹಿಡಿದುಕೊಂಡಳು. ಹತ್ತು ಹೆಜ್ಜೆಗೊಂದು ಮನೆಯ ಗೇಟು. ಅಲ್ಲಿ ಇಳಿಯಬೇಕು, ಮತ್ತೆ ಹತ್ತಬೇಕು. ಮುಂದೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಸಡಿಲವಾದ ಚಪ್ಪಡಿ. ಕಾಲಿಟ್ಟರೆ ಒಂದು ಬದಿ ಮೇಲೇಳುತ್ತದೆ, ಕೆಳಗೆ ಮೋರಿ ಕಾಣುತ್ತದೆ. "ಬೇಡಪ್ಪ, ರಸ್ತೇಲೇ ಹೋಗೋಣ" ಅಂದಳು. ಸ್ಟಾಪಿನ ಮುಂದೆ ಆಟೋಗಳ ಸಾಲು. ಬಸ್ಸು ರಸ್ತೆ ಮಧ್ಯದಲ್ಲೇ ನಿಂತಿತು. ಮಂಡಿನೋವಿನ ಅಮ್ಮ ಬೈಕುಗಳ ನಡುವೆ ಓಡಿದಳು.

ಇದಕ್ಕೆ ನಿಯಮ ಇಲ್ಲ ಅಂತಲ್ಲ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್ ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಅಂದರೆ ಸುಮಾರು ಅರ್ಧ ಅಡಿ. ಮನೆಗಳಿರುವ ಕಡೆಯೂ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಜಾಗ ಇರಬೇಕು. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ಟೆಂಡರ್‌ಶ್ಯೂರ್ ಅನ್ನುವ ರಸ್ತೆ ಸುಧಾರಣೆ ಕೆಲಸದಲ್ಲಿ ಅಗಲವಾದ ಫುಟ್‌ಪಾತ್ ಮಾಡಿದ್ದಾರಲ್ವಾ? ಅಲ್ಲಿ ಅಮ್ಮ ನನ್ನ ಕೈ ಬಿಟ್ಟು ನಡೆಯುತ್ತಾಳೆ.

ಇನ್ನೊಂದು ವಿಷಯ ನಾವು ಯೋಚಿಸುವುದೇ ಇಲ್ಲ. ಹೋಗುವಾಗ ಸ್ಟಾಪ್ ಈ ಕಡೆ ಇದ್ದರೆ, ಬರುವಾಗ ಇಳಿಯುವುದು ಆ ಕಡೆ. ಬಸ್ಸಲ್ಲಿ ಓಡಾಡುವವರು ದಿನಕ್ಕೆ ಒಂದು ಸಲವಾದರೂ ರಸ್ತೆ ದಾಟಲೇಬೇಕು. ಹಾಗಿದ್ದೂ ದಾಟುವ ಜಾಗ ಎಲ್ಲೋ, ಸ್ಟಾಪ್ ಎಲ್ಲೋ. ಕೇಳಿದರೆ ಸ್ಕೈವಾಕ್ ತೋರಿಸುತ್ತಾರೆ. ನಮ್ಮ ಹತ್ತಿರದ ಸ್ಕೈವಾಕಿನ ಲಿಫ್ಟು ಕೆಟ್ಟು ನಿಂತಿದೆ. ಮಂಡಿನೋವಿನವರು ಅಷ್ಟು ಮೆಟ್ಟಿಲು ಹತ್ತುವುದು ಹೇಗೆ? ಮಗು ಎತ್ತಿಕೊಂಡವರು? ಗಾಡಿಗಳು ಒಂದು ನಿಮಿಷ ನಿಲ್ಲಲಿ. ಜನ ನೆಲದ ಮೇಲೇ ದಾಟಲಿ.

ದೊಡ್ಡ ಯೋಜನೆ ಏನೂ ಕೇಳುತ್ತಿಲ್ಲ. ಪ್ರತಿ ಸ್ಟಾಪಿನ ಸುತ್ತ ಅರ್ಧ ಕಿಲೋಮೀಟರ್ ಮೊದಲು ಸರಿಮಾಡಿ. ಚಪ್ಪಡಿ ಭದ್ರವಾಗಿರಲಿ, ಬೀದಿದೀಪ ಉರಿಯಲಿ, ಸ್ಟಾಪಿನ ಪಕ್ಕದಲ್ಲೇ ಜೀಬ್ರಾ ಕ್ರಾಸಿಂಗೂ ಸಿಗ್ನಲ್ಲೂ ಬರಲಿ. ನಮ್ಮ ಏರಿಯಾದವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಭಾನುವಾರ ಬೆಳಗ್ಗೆ ಅದೇ ದಾರಿಯಲ್ಲಿ ಫೋಟೋ ತೆಗೆದು ದೂರು ಬರೆಯುತ್ತಿದ್ದೇನೆ. ಜೊತೆಗೆ ಬನ್ನಿ. ಅಮ್ಮನೂ ಬರುತ್ತಾಳಂತೆ.